ಗುಬ್ಬಿಯ ಮೇಣದ ಮನೆಗೂ ಬೇಸಿಗೆ ಬಂತು

ನನ್ನ ಅಪ್ಪನ ತಾಯಿ ಗುರುಲಿಂಗಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆಗೆ ಬರುತ್ತಿದ್ದದ್ದು ಒಂದೇ ಕಥೆ. ಕಾಗೆಯದು ಸೆಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ಮಳೆಗೆ ಕಾಗೆಯ ಮನೆ ಕೊಚ್ಚಿಹೋಯಿತು. ಅದು ಹೋಗಿ ಬಾಗಿಲು ಬಡಿದರೆ ಗುಬ್ಬಿ, "ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ, ತಡಿ, ನೀರು ಹಾಕಾಕತ್ತೀನಿ" ಎನ್ನುತ್ತ ಹೊರಗೇ ನಿಲ್ಲಿಸಿತು. ಅಷ್ಟೇ. ನಮ್ಮೂರು ವಾಗದರಿಯ ಯಾವ ಮಗುವನ್ನು ಕೇಳಿದರೂ ಹೇಳೀತು.

ಆದರೆ ಆಯಿಯ ಬಾಯಲ್ಲಿ ಅದು ಇವತ್ತಿದ್ದಂತೆ ನಾಳೆ ಇರುತ್ತಿರಲಿಲ್ಲ. ಸೋಮಾರಿ ಮೊಮ್ಮಕ್ಕಳಿಗೆ ಹೇಳುವಾಗ ತಪ್ಪೆಲ್ಲ ಕಾಗೆಯದು. ಅಕ್ಕಲಕೋಟದ ಸಂತೆಯಲ್ಲಿ ಒಬ್ಬ ದರ್ಜಿ ಒಂದು ಕುಪ್ಪಸಕ್ಕೆ ಮೂರು ಸಂತೆ ಓಡಾಡಿಸಿದಾಗ, ಅವನ ಮುಂದೆಯೇ ಕೂತು ಇದೇ ಕಥೆ ಹೇಳಿದಳಂತೆ. ಅವತ್ತು "ತಡಿ, ತಡಿ" ಎನ್ನುವ ಗುಬ್ಬಿಯೇ ಕಳ್ಳಿ! ಸಂತೆಯ ಜನ ನಕ್ಕ ನಗುವಿಗೆ ದರ್ಜಿ ಸಂಜೆಯೊಳಗೆ ಕುಪ್ಪಸ ಹೊಲಿದು ಕೊಟ್ಟ.

ಅದೆಲ್ಲ ನಗೆಯ ಮಾತು. ೧೯೩೪ರ ಬೇಸಿಗೆಯದು ಹಾಗಲ್ಲ.

ನನ್ನ ಅಪ್ಪ ಅಮೃತಪ್ಪ ಅಣ್ಣನ ಮಾತು ಮೀರಿ ಸೊಲ್ಲಾಪುರದ ಗಿರಣಿ ಸೇರಿದ್ದ. ಜ್ವರ ಬಂದು ಅಲ್ಲೇ ತೀರಿಕೊಂಡ. ಅವ್ವ ದ್ರೌಪದಿ ಅದೇ ಗಿರಣಿಯಲ್ಲಿ ನೂಲು ಸುತ್ತಿ ನನ್ನನ್ನು ಸಾಕಿದಳು. ಹರತಾಳವಾಗಿ ಗಿರಣಿ ಮುಚ್ಚಿದಾಗ, ಏಳು ವರ್ಷದ ನನ್ನ ಕೈಹಿಡಿದು ವಾಗದರಿಗೆ ಬಂದಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಆಯಿ, ದೊಡ್ಡಪ್ಪ ಇದ್ದ ಈ ಮನೆಯಲ್ಲಿ ಜಾಗ ಸಿಗದಿದ್ದರೆ ನಾವು ಬೀದಿಪಾಲು. ದೊಡ್ಡಪ್ಪ ಶಾಂತಲಿಂಗಪ್ಪ ನಮ್ಮನ್ನು ಕಂಡವನೇ ಕದ ಎಳೆದು ಚಿಲಕ ಹಾಕಿ, ಅದರ ಮುಂದೆ ಕಟ್ಟೆಯ ಮೇಲೆ ಕೂತುಬಿಟ್ಟ. ಅಬ್ಬಬ್ಬಾ, ಏನು ಹಟ! ನಡುಮಧ್ಯಾಹ್ನದ ಬಿಸಿಲಿಗೆ ಅಂಗಳ ಕಾದ ಹಂಚಾಗಿತ್ತು.

"ನೋಡ್ರಿ, ಕಾಗಿ ಬಂತು," ಎಂದ ನೆರೆದಿದ್ದ ಓಣಿಯವರಿಗೆ. "ಸೆಗಣಿ ಮನಿ ಕಟ್ಟಾಕ ಹೋಗಿದ್ರು. ನಮ್ಮದು ಮೇಣದ ಮನಿ. ನಮ್ಮವ್ವನ ಕಥಿ ಖರೇ ಆತು!"

ಆಯಿ ಬೇವಿನ ನೆರಳಲ್ಲಿ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಈಗ ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಲಿಲ್ಲ.

"ನನ್ನ ಕಥಿ ಅಂದ್ಯಲ್ಲ? ಹಂಗಾರ ನಾನಽ ಹೇಳ್ತೀನಿ. ನೀ ಹ್ಞೂಂ ಅನ್ನು."

ನಮ್ಮಲ್ಲಿ ಕಥೆಗೆ ಹ್ಞೂಂಗುಟ್ಟುವವನೊಬ್ಬ ಬೇಕೇ ಬೇಕು. ಅವನು ಸುಮ್ಮನಾದರೆ ಕಥೆ ಮುಂದೆ ಹೋಗದು. ಕಥೆ ಕೆಡಿಸಿದವನೆಂದು ಊರೆಲ್ಲ ಆಡಿಕೊಳ್ಳುತ್ತದೆ. ದೊಡ್ಡಪ್ಪ ಮೀಸೆಯಡಿ ನಗುತ್ತ ಒಪ್ಪಿದ.

"ಕಾಗಿ ಮನಿ ಮಳ್ಯಾಗ ಹ್ವಾತು."

"ಹ್ಞೂಂ."

"ಗುಬ್ಬಿ ಬಾಗಲಾ ತೆಗೀಲಿಲ್ಲ."

"ಹ್ಞೂಂ. ಶಾಣ್ಯಾ ಗುಬ್ಬಿ."

"ಮಳಿ ನಿಂತಿತು. ಕಾಗಿ ಮತ್ತ ಸೆಗಣಿ ತಂದು ಮನಿ ಕಟ್ಟಿತು."

"ಹ್ಞೂಂ."

"ಆಮ್ಯಾಲ ಬ್ಯಾಸಗಿ ಬಂತು."

ದೊಡ್ಡಪ್ಪ ಬಾಯಿ ಬಿಡಲಿಲ್ಲ. ಆ ಕಥೆಯಲ್ಲಿ ಯಾವತ್ತೂ ಬೇಸಿಗೆ ಬಂದಿರಲಿಲ್ಲ.

"ಯಾಕೋ, ನಮ್ಮ ಸೀಮಿ ಬ್ಯಾಸಗಿ ನಿನಗ ಗೊತ್ತಿಲ್ಲೇನು?"

"ಹ್ಞೂಂ," ಎಂದ ಸಣ್ಣ ದನಿಯಲ್ಲಿ.

"ಸೆಗಣಿ ಮನಿ ಬಿಸಲಿಗೆ ಒಣಗಿ ಗಟ್ಟಿ ಆತು. ಮೇಣದ ಮನಿ ಕರಗಿ ಹರದು ಹ್ವಾತು. ಗುಬ್ಬಿ ಮರಿ ಕರ್ಕೊಂಡು ಕಾಗಿ ಬಾಗಲಾಗ ಬಂದು ನಿಂತೈತಿ. ಕಾಗಿ ಏನ್ ಮಾಡಬೇಕು? ನಿನ್ನ ಮಕ್ಕಳು ಇಲ್ಲೇ ಕುಂತಾವ. ಅವುಕ್ಕ ಕೇಳೂ ಹಂಗ ಹೇಳು."

ದೊಡ್ಡಪ್ಪ ಮೀಸೆ ಎಳೆಯುತ್ತ ಕೂತ. ಕೊನೆಗೆ ಪಕ್ಕದ ಮನೆಯ ಬಸಯ್ಯಜ್ಜ, "ಶಾಂತಲಿಂಗಪ್ಪ, ಕಥಿ ನಿಂತೈತಿ ನೋಡಪಾ," ಎಂದ.

ದೊಡ್ಡಪ್ಪ ತನ್ನ ಮಕ್ಕಳನ್ನು ನೋಡಿದ. ಒಂದು ಕಾಲು ಸುಟ್ಟರೆ ಇನ್ನೊಂದರ ಮೇಲೆ ನಿಲ್ಲುತ್ತಿದ್ದ ನನ್ನನ್ನೂ ನೋಡಿದ. ಅವನ ಮುಖ ಇಳಿದುಹೋಯಿತು.

"ಬಾಗಲಾ ತೆಗೀಬೇಕು, ಯವ್ವಾ."

"ಮತ್ತ ಕುಂತೀಯಲ್ಲ?"

ಎದ್ದು ಚಿಲಕ ತೆಗೆದ. "ದ್ರೌಪದಿ, ಹುಡುಗಿ ಕಾಲು ಸುಡಾಕತ್ತಾವ. ಒಳಗ ಬಾರವ್ವಾ."

ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಅವ್ವ ಅಳಲಿಲ್ಲ, ಕೈಮುಗಿಯಲೂ ಇಲ್ಲ. ಸೊಸೆ ತನ್ನ ಮನೆಗೆ ಹೋಗುವಂತೆ ತಲೆಯೆತ್ತಿ ಹೊಸ್ತಿಲು ದಾಟಿದಳು. ನಮ್ಮ ಟ್ರಂಕನ್ನು ಹೆಗಲ ಮೇಲೆ ಹೊತ್ತು ಅವಳ ಹಿಂದೆ ಬಂದವನು ದೊಡ್ಡಪ್ಪ.