ಯಾರೂ ಉರಿಸದ ಒಲೆ

ನಾನು ನಾಲ್ವರು ಅಕ್ಕಂದಿರ ಬೆನ್ನಿಗೆ ಹುಟ್ಟಿದವಳು. ಲಂಗ, ಪಾಠಪುಸ್ತಕ, ಕೊಡೆ, ಎಲ್ಲವೂ ಅವರು ಬಳಸಿ ಸಾಕಾದ ಮೇಲೆ ನನ್ನ ಕೈಗೆ ಬರುತ್ತಿದ್ದವು. ಮದುವೆಯಾಗಿ ಹೋದಲ್ಲಿಯೂ ಅತ್ತೆಯ ಒಲೆ, ಅತ್ತಿಗೆಯ ಪಾತ್ರೆ. ಹಾಗಾಗಿ ವಾಮದಪದವಿನಲ್ಲಿ ನಾವಿಬ್ಬರೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಾಗ ಗಂಡನಿಗೆ ಒಂದೇ ಮಾತು ಹೇಳಿದೆ. ಒಲೆ ಹೊಸತೇ ಬೇಕು, ಅದರಲ್ಲಿ ಮೊದಲು ಹಾಲು ಉಕ್ಕಿಸುವವಳು ನಾನೇ.

ಹೊಸ ಮನೆ ಹೊಕ್ಕರೆ ನಮ್ಮಲ್ಲಿ ಹಾಲು ಉಕ್ಕಿಸದೆ ಬೇರೆ ಅಡುಗೆಗೆ ಕೈ ಹಾಕುವುದಿಲ್ಲ. ಹಾಲು ಪಾತ್ರೆ ಮೀರಿ ಒಲೆಯ ಮೇಲೆ ಬೀಳಲೇಬೇಕು. ಆ ಶಾಸ್ತ್ರದಲ್ಲಿ ನನಗೆ ಭಕ್ತಿಗಿಂತ ಹಟವೇ ಹೆಚ್ಚು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಇಸವಿಯ ಆಚೆಗಿನ ವರ್ಷಗಳು. ಗ್ಯಾಸಿಗೆ ಹೆಸರು ಬರೆಸಿ ಕಾಯುತ್ತಿದ್ದೆವು. ಆಗ ಮಡಂತ್ಯಾರಿನ ಒಂದು ಹೊಸ ಅಂಗಡಿಗೆ ಪೆಲೆಟ್ ಒಲೆ ಬಂತು. ಮರದ ಹುಡಿಯನ್ನು ಒತ್ತಿ ಮಾಡಿದ, ಕಿರುಬೆರಳ ಗಾತ್ರದ ತುಂಡುಗಳೇ ಪೆಲೆಟ್. ಅವನ್ನು ಒಲೆಯ ನಡುವಿನ ಗುಂಡಿಗೆ ಸುರಿದು ಹಚ್ಚಿದರೆ ಕೆಳಗಿನ ಸಣ್ಣ ಫ್ಯಾನ್ ಗಾಳಿ ಊದುತ್ತದೆ, ಹೊಗೆ ಇಲ್ಲವೆಂದೇ ಹೇಳಬಹುದು. ನಾನೊಬ್ಬಳೇ ಹೋಗಿ ಕೊಂಡು, ಎರಡು ಬಸ್ಸು ಬದಲಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಕಂಡಕ್ಟರ್ ಕೆಳಗಿಡಿ ಎಂದರೂ ಇಡಲಿಲ್ಲ.

ಅಂಗಳದಲ್ಲಿ ಬಿಚ್ಚಿದೆ. ಥರ್ಮೋಕೋಲ್ ಇತ್ತು, ಪ್ಲಾಸ್ಟಿಕ್ ಹೊದಿಕೆ ಇತ್ತು, ಎಲ್ಲ ಸರಿ. ಆದರೆ ಗುಂಡಿಯ ಬಾಯಿಯ ಉಕ್ಕಿನ ಬಳೆ ಒಂದು ಕಡೆ ಬೆಂಕಿ ತಾಗಿದಂತೆ ನೀಲಿ ತಿರುಗಿತ್ತು. ಬೆರಳು ಹಾಕಿ ಒಳಗಿನ ತೂತುಗಳನ್ನು ಸವರಿದೆ, ಬೂದಿ ಬಂತು.

ಗಂಡ ಬಗ್ಗಿ ನೋಡಿ, "ಕಂಪೆನಿಯಲ್ಲಿ ಟೆಸ್ಟ್ ಮಾಡಿರ್ತಾರೆ ಮಾರಾಯ್ತಿ, ಎಂತ ದೊಡ್ಡ ವಿಷಯ?" ಎಂದರು. ಅವರು ಹೇಳಿದ್ದು ಇರಬಹುದು ಅನ್ನಿಸಿತು. ಆದರೂ ಬಿಡಲು ಮನಸ್ಸಾಗಲಿಲ್ಲ. ಪಾತ್ರೆ ಕೂರುವ ಮೂರು ಕಾಲುಗಳನ್ನು ಒಂದೊಂದಾಗಿ ನೋಡಿದೆ. ಒಂದರ ಬುಡದಲ್ಲಿ ಕಂದು ಬಣ್ಣದ ಹಕ್ಕಳೆ ಅಂಟಿತ್ತು. ಹೇರ್‌ಪಿನ್ನಿನಿಂದ ಕೆರೆದು ಮೂಸಿದೆ. ಎಂಟು ವರ್ಷ ಅತ್ತೆಯ ಮನೆಯಲ್ಲಿ ತಳ ಹಿಡಿದ ಹಾಲಿನ ಪಾತ್ರೆ ತಿಕ್ಕಿದವಳು ನಾನು. ಸೀದ ಹಾಲಿನ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾರೋ ನನ್ನ ಒಲೆಯಲ್ಲಿ ನನಗಿಂತ ಮೊದಲು ಹಾಲು ಉಕ್ಕಿಸಿದ್ದರು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ನಾನು ಪೆಟ್ಟಿಗೆ ಸಮೇತ ಮೆಟ್ಟಿಲ ಮೇಲಿದ್ದೆ.

"ಇದು ಉರಿಸಿದ ಒಲೆ, ಅಣ್ಣ."

"ಛೆ ಛೆ, ಹೊಸತೇ ಅಕ್ಕ. ಕಂಪೆನಿಯವರು ಟೆಸ್ಟ್ ಮಾಡಿದ್ದು ಆಗಿರ್ಬೇಕು."

"ಕಂಪೆನಿಯವರು ಹಾಲು ಉಕ್ಕಿಸ್ತಾರಾ?"

ಹಕ್ಕಳೆ ತೋರಿಸಿದೆ. ಅಂಗಡಿಯವರ ಮುಖ ಸಣ್ಣದಾಯಿತು. ಮತ್ತೆ ಬಾಯಿ ಬಿಟ್ಟರು. ಅಂಗಡಿ ತೆರೆದ ದಿನ ಪೂಜೆ ಮುಗಿಸಿ, ಶಾಸ್ತ್ರಕ್ಕೆಂದು ಒಂದು ಒಲೆಯಲ್ಲಿ ಹಾಲು ಉಕ್ಕಿಸಿ, ಬಂದವರಿಗೆಲ್ಲ ಕೊಟ್ಟು, ಒಲೆಯನ್ನು ಒರೆಸಿ ಪೆಟ್ಟಿಗೆಗೆ ಹಾಕಿಟ್ಟಿದ್ದರಂತೆ.

"ದೇವರ ಎದುರು ಉರಿಸಿದ್ದನ್ನು ಹಳತು ಅಂತ ಹೇಳ್ಲಿಕ್ಕೆ ಆಗ್ತದಾ ಅಕ್ಕ? ಒಳ್ಳೆ ಶಕುನದ್ದು ಅದು. ಹೊಸ ಮನೆಗೆ ಅಂತ ನೀವು ಹೇಳಿದ್ರಲ್ಲ, ಅದಕ್ಕೇ ಹುಡುಕಿ ಅದನ್ನೇ ಕೊಟ್ಟೆ."

ಈಗ ಅವರು ಸುಳ್ಳು ಹೇಳುತ್ತಿರಲಿಲ್ಲ. ಮೋಸವೆಂದು ಜಗಳಕ್ಕೆ ಸಜ್ಜಾಗಿ ಬಂದಿದ್ದೆ, ಆದರೆ ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಕೊಟ್ಟಿದ್ದಾರೆ. ಅಕ್ಕಂದಿರ ಲಂಗವನ್ನು ಅಮ್ಮ ಕೊಡುತ್ತಿದ್ದದ್ದೂ ಒಳ್ಳೆಯ ಮನಸ್ಸಿನಿಂದಲೇ. ಅದು ನೆನಪಾದದ್ದೇ ತಡ, ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತೆ.

"ಆ ಶಕುನ ನಿಮ್ಮ ಅಂಗಡಿಯಲ್ಲೇ ಇರ್ಲಿ ಅಣ್ಣ. ನನಗೆ ಯಾರೂ ಉರಿಸದ ಒಲೆ ಬೇಕು."

ಉಳಿದವೆಲ್ಲ ಬೇರೆಯವರಿಗೆ ಹೇಳಿಟ್ಟದ್ದು ಎಂದರು. ನಾನು ಏಳಲಿಲ್ಲ. ಚಹಾ ತರಿಸಿದರು, ಕುಡಿದು ಅಲ್ಲೇ ಕುಳಿತೆ. ಬಂದ ಗಿರಾಕಿಗಳು ನನ್ನನ್ನೂ ಮಡಿಲಲ್ಲಿದ್ದ ಪೆಟ್ಟಿಗೆಯನ್ನೂ ನೋಡಿ ಹೋದರು. ಊಟದ ಹೊತ್ತಿಗೆ ಅವರೇ ಸೋತು, "ನಿಮ್ಮ ಹಟಕ್ಕೆ ದೊಡ್ಡ ನಮಸ್ಕಾರ ಉಂಟು," ಎನ್ನುತ್ತ ಇನ್ನೊಂದು ಪೆಟ್ಟಿಗೆ ಬಿಚ್ಚಿದರು. ಬಳೆ ನೋಡಿದೆ, ಒಂದೇ ಬಣ್ಣ. ತೂತುಗಳನ್ನು ಸವರಿದೆ, ಬೆರಳು ಸ್ವಚ್ಛ. ಮೂಸಿದರೆ ಬರೀ ಕಬ್ಬಿಣ ಮತ್ತು ಎಣ್ಣೆ.

ಆ ಸಂಜೆ ಕಡ್ಡಿ ಗೀರಲು ಗಂಡ ಕೈ ಚಾಚಿದರು. ಕೊಡಲಿಲ್ಲ. ಹಾಲು ಉಕ್ಕಿ ಒಲೆಯ ಕಾಲಿನ ಮೇಲೆ ಇಳಿಯಿತು. ನಾನು ಒರೆಸಲಿಲ್ಲ.

ಕೆಲವು ವರ್ಷಗಳಲ್ಲಿ ಪೆಲೆಟ್ ಸಿಗುವುದೇ ನಿಂತಿತು. ನಮಗೆ ಗ್ಯಾಸೂ ಬಂತು. ಒಲೆ ಅಟ್ಟ ಸೇರಿತು. ಒಮ್ಮೆ ಗುಜರಿಯವನು ಬಂದಾಗ, ಜಾಗವಾಗಲಿ ಎಂದು ಗಂಡ ಅದನ್ನು ಇಳಿಸಿ ಅಂಗಳದಲ್ಲಿಟ್ಟರು. ಗುಜರಿಯವನು ಅದನ್ನು ಮಗುಚಿ ಹಾಕಿ, ಕಾಲಿನ ಬುಡದ ಕಂದು ಹಕ್ಕಳೆಯನ್ನು ಉಗುರಿನಿಂದ ಕೆರೆಯಲು ಹೋದ.

"ತುಂಬ ಹಳತು ಅಕ್ಕ ಇದು. ಎಷ್ಟು ಜನರ ಕೈ ದಾಟಿ ಬಂದದ್ದು?"

"ಒಂದೇ ಕೈ," ಎಂದೆ. ಅದೇ ಕೈಯಿಂದ ಒಲೆಯನ್ನು ಎತ್ತಿಕೊಂಡು ಒಳಗೆ ಹೋದೆ.