ಡ್ರಮ್ಮು ಮೊದಲು, ಮಾತು ಆಮೇಲೆ

ನನ್ನ ಮಗಳ ಮಗಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಸೀಟಿ ಎಂದೇ ಕರೆಯುವುದು. ತೊಟ್ಟಿಲಲ್ಲಿದ್ದಾಗಲೇ ಅವಳ ಅಳು ಮೂರು ಮನೆಯಾಚೆ ಕೇಳುತ್ತಿತ್ತು, ಹೆಸರು ಆಗ ಅಂಟಿದ್ದು. ಈಗ ಅವಳಿಗೆ ಮೂವತ್ತೊಂದು. ಲಾಂಡ್ರಿಯಲ್ಲಿ ಕೆಲಸ. ಅಂಗಿಯ ತೋಳಿನ ಕಲೆ ನೋಡಿದರೆ ಸಾಕು, ಅದು ಶಾಯಿಯದೋ ಬೂಟ್ ಪಾಲಿಶಿನದೋ ಹೇಳುತ್ತಾಳೆ. ಭಾನುವಾರ ಗಿಟಾರ್ ಹಿಡಿದು ಹಾಡುತ್ತಾಳೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಐವತ್ತು ವರ್ಷ ಹೊಲಿಗೆ ಮಿಷನ್ ತುಳಿಯುತ್ತಾ, ಬಟ್ಟೆ ಹೊಲಿಸಲು ಬಂದವರ ಮಾತೆಲ್ಲ ಕೇಳಿದ್ದೇನೆ, ಕಿವಿ ಇನ್ನೂ ಚುರುಕು. ಅವಳ ಹಾಡು ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ. ಮಕ್ಕಳು ಮಂಚದ ಮೇಲೆ ಕುಣಿದ ಹಾಗೆ ಡ್ರಮ್ಮು, ಅದರ ಹಿಂದೆ ಓಡಿ ಬರುವ ಗಿಟಾರು. ಕಾಲು ತಾನಾಗಿ ಅಲ್ಲಾಡುತ್ತದೆ. ಹಾಡಿನ ಮಾತಿಗೆ ಕಿವಿಗೊಟ್ಟರೆ ಮಾತ್ರ ಗೊತ್ತಾಗುವುದು, ಒಳಗೆ ಒಬ್ಬಳು ಅರ್ಧ ಖಾಲಿಯಾದ ಬೀರುವಿನ ಮುಂದೆ ನಿಂತಿದ್ದಾಳೆ ಅಂತ.

ಡ್ರಮ್ ಬಾರಿಸುವವನು ಅವಳ ಗಂಡ. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು, ಮಾತು ಕಡಿಮೆ. ಆರು ವರ್ಷ ಸಂಸಾರ ಮಾಡಿ ಹೋದ ವರ್ಷ ಬಿಟ್ಟುಹೋದ. ಜಗಳವಿಲ್ಲ, ಕೂಗಾಟವಿಲ್ಲ. ಬೀಗದ ಕೈಯನ್ನು ನನ್ನ ಮಿಷನ್ ಮೇಲಿಟ್ಟು "ಬರ್ತೀನಿ ಅಜ್ಜಿ" ಅಂದ. ಅಂದವನು ಮುಂದಿನ ಭಾನುವಾರ ನಿಜವಾಗಿಯೂ ಬಂದ, ಡ್ರಮ್ ಬಾರಿಸುವುದಕ್ಕೆ.

ಹತ್ತು ಹಾಡಿನ ಒಂದು ಆಲ್ಬಂ ಮಾಡಬೇಕೆಂಬುದು ಸೀಟಿಗೆ ಹದಿನೆಂಟರ ವಯಸ್ಸಿನಿಂದಿದ್ದ ಆಸೆ. ಅವಳ ಗಿಟಾರಿಗೆ ಹೊಂದುವ ಕೈ ಅವನದೊಂದೇ. ಈಗ ಬರೆದ ಹಾಡುಗಳೋ, ಅವನು ಬಿಟ್ಟುಹೋದದ್ದರ ಮೇಲೆ. ಹಿತ್ತಿಲ ಶೆಡ್ಡಿನ ಸದ್ದು ಬೀದಿಗೆ ಹೋಗದಂತೆ ಹಳೇ ರಜಾಯಿಗಳನ್ನು ಜೋಡಿಸಿ ಹೊಲಿದು ಗೋಡೆಗೆ ಕಟ್ಟಿಸಿದವಳು ನಾನೇ. ರೆಕಾರ್ಡ್ ಮಾಡುವಾಗ ಡ್ರಮ್ಮು ಮೊದಲು, ಆಮೇಲೆ ಗಿಟಾರು, ಮಾತು ಕೊನೆಗಂತೆ. ಅವಳಿಗೆ ಇದು ಅನುಕೂಲವೇ ಆಯಿತು. ಅವನೆದುರು ಬರೀ "ನಾ ನಾ ನಾ" ಎಂದು ರಾಗ ಹಾಡುವಳು. ಮಾತು ಇನ್ನೂ ಬರೆದಿಲ್ಲ ಎನ್ನುವಳು. ಅವನು ಹೋದಮೇಲೆ ಪಾತ್ರೆ ತೊಳೆಯುತ್ತಾ ಮಾತು ಹಾಡಿಕೊಳ್ಳುವಳು.

"ಅಜ್ಜಿ, ನೀನು ಬಾಯಿ ಬಿಡಬೇಡ. ಗೊತ್ತಾದ್ರೆ ಡ್ರಮ್ ಕಡ್ಡಿ ಕೆಳಗಿಟ್ಟು ಎದ್ದು ಹೋಗ್ತಾನೆ. ಆಲ್ಬಂ ಅಲ್ಲಿಗೇ ನಿಲ್ಲುತ್ತೆ."

"ನನ್ನ ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತೆ. ಬಿಡೋದೆಲ್ಲಿಂದ," ಅಂದೆ.

ಒಂಬತ್ತು ಹಾಡಿನ ಡ್ರಮ್ಮು ಮುಗಿಯಿತು. ಹತ್ತನೆಯದರ ದಿನ ಅವನು ಅರ್ಧ ಗಂಟೆ ಮೊದಲೇ ಬಂದ. ಸೀಟಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹಾಡುತ್ತಿದ್ದಳು: ಹೋಗುವಾಗಲೂ ನೀನು ಚಪ್ಪಲಿ ಜೋಡಿಸಿ ಧೂಳು ಕೊಡವಿದೆ, ನನಗೆ ಒಂದು ಬೈಗುಳವನ್ನೂ ಬಿಟ್ಟುಹೋಗಲಿಲ್ಲ. ಅವನು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದ. ಆಮೇಲೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ.

"ಎಲ್ಲಾ ಹಾಡೂ ನನ್ನ ಮೇಲೇನಾ ಅಜ್ಜಿ?"

ಕೇಳಿಬಿಟ್ಟವನಿಂದ ಮುಚ್ಚಿಡುವುದೇನು. ಗುಂಡುಸೂಜಿ ತೆಗೆದಿಟ್ಟೆ. "ಒಂದು ಬಿಟ್ಟು. ಅದು ಲಾಂಡ್ರಿ ಯಜಮಾನನ ಮೇಲೆ."

"ಅವನಿಗೂ ಹಿಂಗೇ ಬೈದಿದಾಳಾ?"

"ಅವನಿಗೆ ಸ್ವಲ್ಪ ಜಾಸ್ತಿ."

ಅವನು ನಕ್ಕಂತಾಯಿತು, ಪೂರ್ತಿ ನಗಲಿಲ್ಲ. ಸೀಟಿ ಒದ್ದೆ ಕೈಯಲ್ಲಿ ಹೊರಗೆ ಬಂದವಳು ಅಲ್ಲೇ ನಿಂತಳು.

"ಬಂದು ಎಷ್ಟು ಹೊತ್ತಾಯ್ತು?"

"ನಿನ್ನ ಹಾಡಲ್ಲಿ ಚಪ್ಪಲಿ ಜೋಡಿಸೋಕೆ ಮೊದಲೇ ಬಂದಿದ್ದೆ."

"ಹೋಗ್ತೀಯಾದ್ರೆ ಹೋಗು. ಆ ಒಂಬತ್ತನ್ನ ಅಳಿಸು ಅಂತ ಮಾತ್ರ ಅನ್ಬೇಡ."

"ಅಳಿಸೋದಲ್ಲ, ಮತ್ತೆ ಬಾರಿಸ್ತೀನಿ. ಏನೂ ಗೊತ್ತಿಲ್ದೆ ಮದುವೆ ಮೆರವಣಿಗೆ ಥರ ಬಾರಿಸ್ಬಿಟ್ಟಿದೀನಿ. ನೀನು ಅಳ್ತಿರೋವಾಗ ನಾನು ಕುಣೀತಿದೀನಿ ಅನ್ಸುತ್ತೆ."

"ಆರು ವರ್ಷ ಮನೇಲೂ ನೀನು ಹಂಗೇ ಇದ್ದೆ. ಅದು ಇದ್ದ ಹಾಗೇ ಇರ್ಲಿ."

ಅವನು ಉಗುರಿನ ಸಂದಿಯ ಕಪ್ಪು ಕೆರೆದ. ನಾನು ಸೂಜಿಗೆ ದಾರ ಪೋಣಿಸಿದೆ, ಮಿಷನ್ ತುಳಿಯಲಿಲ್ಲ.

"ಹತ್ತನೇದು?" ಅಂದ.

"ಅದು ನಿನ್ನಿಷ್ಟ."

"ಹಾಗಾದ್ರೆ ಮಾತು ಹಾಕಿ ಹಾಡು. ನಾ ನಾ ನಾ ಬೇಡ."

ಇಬ್ಬರೂ ಶೆಡ್ಡಿಗೆ ಹೋದರು. ನನ್ನ ರಜಾಯಿಗಳು ಸದ್ದನ್ನು ಹಿಡಿಯುತ್ತವೆ, ಪೂರ್ತಿ ಹಿಡಿಯುವುದಿಲ್ಲ. ಹಾಡಿನ ಅರ್ಧಕ್ಕೆ ಡ್ರಮ್ಮು ನಿಂತಿತು. ಮುಗಿಯಿತು, ಕಡ್ಡಿ ಕೆಳಗಿಟ್ಟ ಅಂದುಕೊಂಡೆ.

"ಇಲ್ಲಿ ಉಸಿರು ತಗೊಳ್ಳೋಕೆ ನಿನಗೆ ಜಾಗಾನೇ ಬಿಟ್ಟಿಲ್ಲ ನಾನು," ಅವನ ದನಿ ಕೇಳಿಸಿತು. "ಇನ್ನೊಂದ್ಸಲ ಹಾಡು."

ಎರಡನೇ ಸಲ ಎಲ್ಲೂ ನಿಲ್ಲಲಿಲ್ಲ. ಸಂಜೆ ಅವನು ಡ್ರಮ್ಮುಗಳನ್ನು ಬಿಚ್ಚಿ, ಹಳೇ ಟ್ಯೂಬಿನಿಂದ ಬಿಗಿದು, ಅಂಗಡಿಯ ವ್ಯಾನಿಗೆ ಹಾಕಿದ. "ಹೋಗ್ತೀನಿ ಅಜ್ಜಿ" ಅಂದ. ಆಮೇಲೆ ಬಂದಿಲ್ಲ.

ಆಲ್ಬಂ ಹೊರಗೆ ಬಂದು ಎಂಟು ತಿಂಗಳಾಯಿತು. ಲಾಂಡ್ರಿ ಯಜಮಾನ ಅಂಗಡಿಯಲ್ಲಿ ಅದನ್ನೇ ಹಾಕುತ್ತಾನೆ, ತನ್ನ ಮೇಲಿನ ಹಾಡಿಗೂ ಕಾಲು ಕುಣಿಸುತ್ತಾನೆ. ನಾನು ರವಿಕೆ ಹೊಲಿಯುವಾಗ ಕೇಳುತ್ತೇನೆ. ಒಂಬತ್ತು ಹಾಡಿನಲ್ಲಿ ಡ್ರಮ್ಮು ಹಿಂದೆ ನೋಡದೆ ಓಡುತ್ತದೆ. ಹತ್ತನೆಯದರಲ್ಲಿ ಒಂದು ಕಡೆ ಅರೆಗಳಿಗೆ ತಡೆಯುತ್ತದೆ, ಸೀಟಿ ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಆಮೇಲೆ ಕೊನೆಯವರೆಗೂ ಇಬ್ಬರದೂ ಒಂದೇ ಓಟ.