ಅತ್ತೆಯ ಸೋಬಾನೆಗೆ ಒಡೆಯದ ಆಂಪ್ಲಿಫೈಯರ್

ಸೋಬಾನೆ ಪದವನ್ನು ಮೈಕಿನಲ್ಲಿ ಕೇಳಿಸುವುದು ಎಂಥ ತಲೆನೋವು ಅಂತ ಡಿಜೆ ಹಚ್ಚುವವರಿಗೆ ಗೊತ್ತಿಲ್ಲ. ಒಬ್ಬಾಕೆ ಸಣ್ಣ ದನಿಯಲ್ಲಿ ಸಾಲು ಎತ್ತುತ್ತಾಳೆ. ಅದು ಮುಗಿಯುವಷ್ಟರಲ್ಲಿ ಸುತ್ತ ಕೂತ ಹೆಂಗಸರೆಲ್ಲ ಅದೇ ಮೈಕಿಗೆ ಬಾಯಿಟ್ಟು ಹಾಡು ಹಿಡಿಯುತ್ತಾರೆ. ಎತ್ತುವವಳಿಗೆ ಹೊಂದುವಂತೆ ವಾಲ್ಯೂಮ್ ಇಟ್ಟರೆ ಹಿಡಿಯುವವರ ದನಿ ಅರಿವೆ ಹರಿದಂತೆ ಚರ್ ಅನ್ನುತ್ತದೆ. ಹಿಡಿಯುವವರಿಗೆ ಇಟ್ಟರೆ ಎತ್ತಿದವಳು ಹಾಡಿದ್ದೇ ಸುಳ್ಳಾಗುತ್ತದೆ.

ಮಸ್ಕಿಯಲ್ಲಿರುವ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಎತ್ತುವವಳು. ಹಿಂದಿನ ಮದುವೆಯೊಂದರಲ್ಲಿ ದನಿ ಒಡೆದು ಮಂದಿ ನಕ್ಕರು, ಮೈಕ್ ಕಸಿದುಕೊಂಡು ಸಿನಿಮಾ ಹಾಡು ಹಚ್ಚಿದರು. ಈ ಸಲ ಅವಳ ಮೊಮ್ಮಗಳದ್ದೇ ಮದುವೆ, ಲಿಂಗಸುಗೂರಿನಲ್ಲಿ. ಸಿಂಧನೂರಿನ ನನ್ನ ರಿಪೇರಿ ಅಂಗಡಿಗೆ ಬಂದವಳೇ ಕುರ್ಚಿ ಎಳೆದು ಕೂತಳು.

“ಲೇ ಅಳಿಯಾ, ನನ್ನ ದನಿ ಒಡೀಲಾರದಂಥಾ ಮಷಿನ್ ಒಂದು ಮಾಡಿಕೊಡು. ಈ ಸಲಾನೂ ಒಡೀತಂದ್ರ ನಾ ಇನ್ನ ಮೈಕ್ ಮುಟ್ಟಂಗಿಲ್ಲ ನೋಡು.”

“ಬಾಜೂಕ ಕುಂತು ನಾನ ವಾಲ್ಯೂಮ್ ತಿರುವ್ತೀನಿ ಬಿಡತ್ತಿ.”

“ನೀನಾ? ಜಿಲೇಬಿ ಬಂತಂದ್ರ ನಿನ್ನ ಕೈ ಅಲ್ಲಿರ್ತೈತಿ.”

ಸುಳ್ಳೇನಲ್ಲ. ಹಾಗಾಗಿ ತಾನೇ ತಿರುವಿಕೊಳ್ಳುವ ಆಂಪ್ಲಿಫೈಯರ್ ಮಾಡಲು ಕೂತೆ. ಒಂದು ಕರಿ ಕೊಳವೆಯೊಳಗೆ ಪುಟ್ಟ ಎಲ್‌ಇಡಿ, ಅದರೆದುರು ಬೆಳಕು ಕಂಡರೆ ಗುಣ ಬದಲಿಸುವ ಒಂದು ಬಿಲ್ಲೆ. ದನಿ ಏರಿದಷ್ಟೂ ದೀಪ ಜೋರಾಗುತ್ತದೆ, ದೀಪ ಜೋರಾದಷ್ಟೂ ಬಿಲ್ಲೆ ದನಿಯನ್ನು ತಗ್ಗಿಸುತ್ತದೆ. ನಾನೇ ನನ್ನ ಬೆನ್ನು ತಟ್ಟಿಕೊಂಡು ಅದನ್ನು ಕೊನೆಯ ಹಂತದಲ್ಲಿ, ಸ್ಪೀಕರಿನ ಹತ್ತಿರ ಕೂರಿಸಿದೆ. ಅತ್ತೆ, ನನ್ನ ಹೆಂಡತಿ, ಪಕ್ಕದ ಅಂಗಡಿಯವರು ಸೇರಿ ಹಾಡಿದರು. ಚರ್ ಅಂತು. ಆದರೆ ಮೆಲ್ಲಗೆ.

“ಮೊದ್ಲು ಜೋರಾಗಿ ಒಡೀತಿತ್ತು, ಈಗ ನಾಚಿಕೊಂಡು ಒಡಿಯಾಕತ್ತೈತಿ” ಅಂದಳು ಹೆಂಡತಿ.

ದನಿ ಒಡೆಯುತ್ತಿದ್ದುದು ಮೈಕಿನ ಬೆನ್ನಿಗೇ ಇರುವ ಮೊದಲ ಹಂತದಲ್ಲಿ. ಅಲ್ಲಿ ಒಡೆದದ್ದನ್ನು ಮುಂದೆ ತಗ್ಗಿಸಿದರೆ ಏನು ಬಂತು? ಕೊಳವೆಯನ್ನು ಕಿತ್ತು ಅಲ್ಲಿಗೇ ಹಾಕಿದೆ. ಅಬ್ಬಾ, ಎಲ್ಲರೂ ಒಟ್ಟಿಗೆ ಕೂಗಿದರೂ ನೀರಿನಂತೆ ನಯ!

ಮದುವೆಯ ಬೆಳಗ್ಗೆ ಲಿಂಗಸುಗೂರಿನಲ್ಲಿ ಅರಿಶಿಣ ಹಚ್ಚುವಾಗ ಅತ್ತೆ ಮೊದಲ ಸಾಲು ಎತ್ತಿದಳು. ಚಂದ ಕೇಳಿತು. ಎರಡನೇ ಸಾಲಿಗೆ ಹೆಂಗಸರು ಚಪ್ಪಾಳೆ ತಟ್ಟತೊಡಗಿದ್ದೇ ತಡ, ಅತ್ತೆಯ ದನಿ ಬಾವಿಗೆ ಇಳಿದಂತಾಯಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಡಿಜೆಯವನು ಆಗಲೇ ತನ್ನ ವೈರ್ ಹಿಡಿದು ಎದ್ದು ನಿಂತಿದ್ದ. ಅತ್ತೆ ಹಾಡುತ್ತಲೇ ನನ್ನ ಕಡೆ ಕಣ್ಣು ಬಿಟ್ಟಳು.

“ಕೇಳ್ರಿಲ್ಲಿ, ಬಳಿ!” ಹೆಂಡತಿ ನನ್ನ ಭುಜ ಜಗ್ಗಿದಳು. “ನಿನ್ನೆ ಎಲ್ಲಾರೂ ಕೈತುಂಬ ಬಳಿ ಇಡಿಸಿಕೊಂಡಾರ. ಬಳಿ ಘಲ್ ಅಂದಾಗೊಮ್ಮೆ ದನಿ ಕುಂದಾಕತ್ತೈತಿ ನೋಡ್ರಿ.”

ಹೌದಲ್ಲ! ಅಂಗಡಿಯಲ್ಲಿ ಯಾರ ಕೈಯಲ್ಲೂ ಇಷ್ಟು ಗಾಜಿನ ಬಳೆ ಇರಲಿಲ್ಲ. ಮೈಕಿನ ಪಕ್ಕದಲ್ಲೇ ಬಳೆ ಘಲ್ಲೆಂದರೆ ನನ್ನ ದೀಪ ಅದನ್ನೇ ದೊಡ್ಡ ದನಿ ಅಂದುಕೊಂಡು ಅತ್ತೆಯನ್ನು ತಗ್ಗಿಸುತ್ತಿತ್ತು. “ಬಳಿ ತೆಗೀರಿ” ಅಂತ ಮದುವೆಮನೆಯಲ್ಲಿ ಹೇಳಿ ಜೀವಂತ ಬರಲಾದೀತೆ? ಹಾಡು ಮುಗಿದು ಎಲ್ಲರೂ ಚಹಾ ಕುಡಿಯುವಾಗ ಚೀಲದಿಂದ ಬೆಸುಗೆಯ ಕಡ್ಡಿ ತೆಗೆದೆ. ದೀಪಕ್ಕೆ ಹೋಗುವ ದಾರಿಗೆ ಮಾತ್ರ ಒಂದು ಸಣ್ಣ ಕೆಪಾಸಿಟರ್ ಹಾಕಿ, ಬಳೆಯ ಚೂಪು ಸದ್ದು ಅಲ್ಲಿಗೆ ಮುಟ್ಟದಂತೆ ಮಾಡಿದೆ. ಸ್ಪೀಕರಿನಲ್ಲಿ ಬಳೆ ಕೇಳಲಿ, ಮದುವೆಗೆ ಅದೇ ಚಂದ. ದನಿ ತಗ್ಗಿಸುವ ಯಜಮಾನಿಕೆ ಮಾತ್ರ ಅದಕ್ಕೆ ಬೇಡ.

ಅತ್ತೆ ಮತ್ತೆ ಎತ್ತಿದಳು. ಸಣ್ಣ ದನಿ ಹೊರಗಿನ ರಸ್ತೆಯ ತನಕ ಮುಟ್ಟಿತು. ಹೆಂಗಸರು ಹಿಡಿದರು, ಚಪ್ಪಾಳೆ, ಬಳೆ, ಎಲ್ಲ ಸೇರಿದರೂ ಎಲ್ಲೂ ಒಡೆಯಲಿಲ್ಲ. ಡಿಜೆಯವನು ವೈರ್ ಸುತ್ತಿಟ್ಟು ಕೂತ. ಅಷ್ಟರಲ್ಲಿ ಹಟ್ಟಿ ಊರಿನಿಂದ ಬಂದ ಗಂಡಿನ ಕಡೆಯ ಬೀಗತಿ ಮೈಕ್ ಎಳೆದುಕೊಂಡು ನಮ್ಮ ಹುಡುಗಿಯ ಅಡುಗೆಯನ್ನು ಆಡಿಕೊಂಡು ಒಂದು ಪದ ಹಾಡಿಯೇಬಿಟ್ಟಳು.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದಳು. “ಲೇ, ಆಕೀ ದನಿ ಒಂಚೂರು ಸಣ್ಣ ಮಾಡೋ.”

“ಆಗಂಗಿಲ್ಲತ್ತಿ. ಯಾರು ಹಾಡಿದ್ರೂ ಸಮ ಕೇಳಿಸ್ತೈತಿ ಇದು.”

“ಥೂ ನಿನ್ನ! ನಿನ್ನ ಕೈಲೆ ತಿರುವೂದ ಚಲೋ ಇತ್ತಲ್ಲೋ!” ಅಂದವಳೇ ಸೆರಗು ಸಿಕ್ಕಿಸಿಕೊಂಡು, ಬೀಗತಿಯ ಕೈಯಿಂದ ಮೈಕ್ ಕಸಿದು ಮರುಪದ ಎತ್ತಿದಳು.